ತೃಪ್ತಿಯೂ ತಕರಾರೂ

10 ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ, ಯಾವುದನ್ನೂ ನಿರಾಕರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿತ್ತು. ಆದರೂ ಉತ್ತರ ಕರ್ನಾಟಕದ ಪೇಟೆಗಳಲ್ಲಿ ಆ ನಾಣ್ಯ ಮುಂದೆ ಚಾಚಿದ ಗಿರಾಕಿಗೆ 'ಇದು ನಡಿಯಂಗಿಲ್ರಿ' ಎಂಬ ಮಾತು ಕೇಳುವುದು ವರ್ಷಗಟ್ಟಲೆ ತಪ್ಪಲಿಲ್ಲ. ನಿಲ್ಲಿಸಿದವರು ಯಾರು ಎಂದು ಹುಡುಕಹೋದರೆ ಯಾರೂ ಇಲ್ಲ. ಕಿರಾಣಿ ಅಂಗಡಿಯವನು ಹೋಲ್‌ಸೇಲ್ ವ್ಯಾಪಾರಿಯನ್ನು ತೋರಿಸುತ್ತಾನೆ, ಅವನು ಬ್ಯಾಂಕನ್ನು ತೋರಿಸುತ್ತಾನೆ, ಬ್ಯಾಂಕು ನಮ್ಮದೇನೂ ತಕರಾರಿಲ್ಲ ಎನ್ನುತ್ತದೆ. ಗಿರಾಕಿ ನಾಣ್ಯವನ್ನು ಕಿಸೆಗೆ ಹಾಕಿಕೊಂಡು ನೋಟು ತೆಗೆಯುತ್ತಾನೆ. ಭಾರತ ಸರ್ಕಾರ ಟಂಕಿಸಿದ ದುಡ್ಡನ್ನು ಒಂದು ಸೀಮೆಯ ಪೇಟೆ ಯಾವ ಆದೇಶವೂ ಇಲ್ಲದೆ ಮೂಲೆಗೆ ಹಾಕಿತು. ಅದಕ್ಕೆ ಬೇಕಾದದ್ದು 'ಹೋಗ್ಲಿ ಬಿಡ್ರಿ' ಅನ್ನುವ ಒಂದು ಮಾತು, ಅಷ್ಟೆ. ವಿಜಯಪುರದ ಗಾಂಧಿ ಚೌಕದಿಂದ ಹಿಡಿದು ತಿಕೋಟಾ, ಬಬಲೇಶ್ವರಗಳ ಪೇಟೆಯವರೆಗೆ ಈ ಮಾತಿಗೆ ದಿನವೂ ಕೆಲಸವಿದೆ. ಚಿಲ್ಲರೆಯ ಬದಲು ಚಾಕಲೇಟು ಕೈಗೆ ಬಿದ್ದಾಗ, ತಣ್ಣಗಿದೆ ಎಂಬ ಕಾರಣಕ್ಕೆ ನೀರಿನ ಬಾಟಲಿಗೆ ಅಚ್ಚಾದ ಬೆಲೆಗಿಂತ ಹೆಚ್ಚು ಕೇಳಿದಾಗ, ಕಂಡಕ್ಟರು ಟಿಕೆಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆ ಇಳಿಯುವ ಗಡಿಬಿಡಿಯಲ್ಲಿ ಬಸ್ಸಿನಲ್ಲೇ ಉಳಿದಾಗ, ನಳ ಬರುವ ದಿನ ತಪ್ಪಿದಾಗ, ಕಾಗದಕ್ಕೆ ಸಹಿ ಹಾಕಬೇಕಾದ ಸಾಹೇಬರು ನಾಳೆ ಬಾ ಎಂದಾಗ, ಎಲ್ಲಕ್ಕೂ ಅದೇ ಮಾತು. ಇದು ತಾಳ್ಮೆಯೋ ಅಲ್ಲವೋ, ತಾಳ್ಮೆಯೇ ಆದರೆ ಅದು ಧರ್ಮವೋ ಅಲ್ಲವೋ? ಪೇಟೆಯ ಈ ಸಣ್ಣ ಕಿರಿಕಿರಿಗಳ ಒಳಗೆ ಹಳೆಯ ದೊಡ್ಡ ಪ್ರಶ್ನೆಯೊಂದು ಕೂತಿದೆ: ಇದ್ದುದರಲ್ಲಿ ತೃಪ್ತನಾಗಿರಬೇಕಾದವನು ತಕರಾರು ಮಾಡಬಹುದೆ?

ಈ ಸೀಮೆಯಲ್ಲಿ 'ಹೋಗ್ಲಿ ಬಿಡ್ರಿ' ಬರೀ ಆಲಸ್ಯದ ಮಾತಲ್ಲ, ಅದಕ್ಕೊಂದು ಧಾರ್ಮಿಕ ಮರ್ಯಾದೆಯೂ ಇದೆ. ಈಗಿನ ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮೀಜಿ ಕಿಸೆಯಿಲ್ಲದ ಅಂಗಿ ತೊಡುತ್ತಿದ್ದರು. 2018ರಲ್ಲಿ ತಾನಾಗಿ ಬಂದ ಪದ್ಮಶ್ರೀಯನ್ನು ನಯವಾಗಿಯೇ ಬೇಡವೆಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ, ಮೊದಲೇ ಬರೆದಿಟ್ಟಿದ್ದಂತೆ, ದೇಹವನ್ನು ಸಮಾಧಿ ಮಾಡದೆ ಅಗ್ನಿಗೆ ಒಪ್ಪಿಸಲಾಯಿತು. ಸ್ಮಾರಕ ಕಟ್ಟಬಾರದೆಂದೂ ಅವರೇ ಹೇಳಿಟ್ಟಿದ್ದರು. ಇಂಥ ಬದುಕನ್ನು ಕಣ್ಣೆದುರು ಕಂಡ ಊರಿನಲ್ಲಿ ಎರಡು ರೂಪಾಯಿಗೆ ಅಂಗಡಿಯ ಕಟ್ಟೆಯ ಮೇಲೆ ವಾದಕ್ಕೆ ನಿಲ್ಲುವವನು ಸಣ್ಣವನಾಗಿ ಕಾಣುವುದು ಸಹಜ. 'ಅಪ್ಪಾರನ್ನ ನೋಡಿಯೂ ಕಲೀಲಿಲ್ಲೇನು' ಎಂದು ಯಾರಾದರೂ ಕೇಳಿದರೆ ಅವನ ಬಾಯಿ ಕಟ್ಟುತ್ತದೆ. ಆದರೆ ಈ ಹೋಲಿಕೆಯಲ್ಲೊಂದು ಎಡವಟ್ಟಿದೆ. ಕಿಸೆಯಿಲ್ಲದ ಅಂಗಿ ತೊಟ್ಟವರು ಬಿಟ್ಟದ್ದು ತಮ್ಮದನ್ನು. ಗಿರಾಕಿ ಅಂಗಡಿಯಲ್ಲಿ ಬಿಟ್ಟುಬರುವುದು ಬಹುಪಾಲು ತನ್ನೊಬ್ಬನದಲ್ಲ. ಅವನ ಕಿಸೆಯಲ್ಲಿರುವುದು ಮಗಳ ಶಾಲೆಯ ಫೀ, ತಾಯಿಯ ಗುಳಿಗೆ, ನಾಳೆಯ ಎಣ್ಣೆ ಬೇಳೆ. ತ್ಯಾಗ ಮಾಡಬೇಕಾದರೆ ವಸ್ತು ತನ್ನದಾಗಿರಬೇಕು, ಕೊಡುತ್ತಿದ್ದೇನೆಂಬ ಅರಿವೂ ಇರಬೇಕು. ಅಂಗಡಿಯವನು ತಕ್ಕಡಿಯಲ್ಲಿ ಮಾಡುವ ಕಳ್ಳತನದಲ್ಲಿ ಎರಡೂ ಇಲ್ಲ. ಸ್ವಾಮೀಜಿಯವರ ನಿಸ್ಪೃಹತೆಯನ್ನು ಅಂಗಡಿಕಾರನ ಲಾಭಕ್ಕೆ ಸಾಕ್ಷಿಯಾಗಿ ಎಳೆತರುವುದು ಆ ನಿಸ್ಪೃಹತೆಗೆ ಮಾಡುವ ಗೌರವವೂ ಅಲ್ಲ.

ಶಾಸ್ತ್ರದ ಕಡೆ ತಿರುಗಿದರೂ ತೃಪ್ತಿಯ ಜಾಗ ಯಾವುದೆಂಬುದು ಅಸ್ಪಷ್ಟವೇನಲ್ಲ. ಪತಂಜಲಿ ಯೋಗದ ಎಂಟು ಅಂಗಗಳಲ್ಲಿ ಮೊದಲನೆಯದು ಯಮ, ಎರಡನೆಯದು ನಿಯಮ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಇವು ಯಮದಲ್ಲಿ ಬರುತ್ತವೆ. ಮುಖ್ಯವಾಗಿ ಇನ್ನೊಬ್ಬರೊಂದಿಗೆ ನಡೆದುಕೊಳ್ಳುವ ರೀತಿಗೆ ಸಂಬಂಧಿಸಿದವು. ಸಂತೋಷ ಬರುವುದು ನಿಯಮದಲ್ಲಿ, ಶೌಚ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನಗಳ ಜೊತೆಗೆ. ಅಂದರೆ ಒಬ್ಬ ತನ್ನೊಳಗೆ ತಾನು ಸಾಧಿಸಿಕೊಳ್ಳಬೇಕಾದದ್ದು. ಕದಿಯಬಾರದೆಂಬುದು ಮೊದಲ ಪಟ್ಟಿಯಲ್ಲಿದೆ, ಇದ್ದುದರಲ್ಲಿ ಹಿಗ್ಗಬೇಕೆಂಬುದು ಎರಡನೆಯದರಲ್ಲಿ. ಎರಡನೆಯದು ಮೊದಲನೆಯದನ್ನು ಮನ್ನಾ ಮಾಡುವುದಿಲ್ಲ. 'ನೀನು ಸಂತುಷ್ಟನಾಗಿರು' ಎಂದು ನಾನು ನನಗೆ ಹೇಳಿಕೊಂಡರೆ ಅದು ಸಾಧನೆ. ತೂಕದಲ್ಲಿ ಕಡಿಮೆ ಕೊಟ್ಟವನು ನನಗೆ ಹೇಳಿದರೆ ಅದು ಉಪಾಯ. ನಮ್ಮ ಪೇಟೆಯಲ್ಲಿ ಈ ಉಪದೇಶ ಬರುವುದು ಹೆಚ್ಚಾಗಿ ಗಲ್ಲೆಯ ಆಚೆ ಬದಿಯಿಂದಲೇ: 'ಎರಡು ರೂಪಾಯಿಗೆ ಏನ್ ಜಗಳಾ ತೆಗೀತೀರಿ ಸರ?' ಎರಡು ರೂಪಾಯಿ ಅಷ್ಟು ಸಣ್ಣದಾಗಿದ್ದರೆ ಅದನ್ನು ಬಿಟ್ಟುಕೊಡುವ ಪುಣ್ಯ ಅವನಿಗೇ ಏಕೆ ಬೇಡವಾಯಿತೋ.

ಆದರೆ ನಾನು ಹೇಳಹೊರಟಿರುವುದು ತೃಪ್ತಿ ಒಂದು ಕಡೆ, ತಕರಾರು ಇನ್ನೊಂದು ಕಡೆ, ಎರಡೂ ಜಗಳವಿಲ್ಲದೆ ಬಾಳಬಹುದು ಎಂಬಷ್ಟೇ ಅಲ್ಲ. ಎರಡರ ಬೇರೂ ಒಂದೇ ಎಂಬುದು ನನ್ನ ವಾದ. ಇದಕ್ಕೆ ಆಯ್ದಕ್ಕಿ ಲಕ್ಕಮ್ಮನಿಗಿಂತ ಒಳ್ಳೆಯ ಸಾಕ್ಷಿ ಕನ್ನಡದಲ್ಲಿಲ್ಲ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಶರಣ ದಂಪತಿ ಇವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಸುಮ್ಮನಿರಲಿಲ್ಲ. ಇದು ನಮ್ಮ ದಿನದ ಅಳತೆಯಲ್ಲ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಎಂದಳು. ಈ ಕಥೆಯನ್ನು ನಾವು ಸಾಮಾನ್ಯವಾಗಿ ತೃಪ್ತಿಯ ಕಥೆಯಾಗಿ ಹೇಳುತ್ತೇವೆ, ಸರಿಯೇ. ಆದರೆ ಅಲ್ಲಿ ನಡೆದದ್ದು ಒಂದು ತಕರಾರು, ಅದೂ ಮನೆಯೊಳಗಿನ, ಗಂಡನ ಎದುರಿನ, ಲಾಭದ ವಿರುದ್ಧದ ತಕರಾರು. ಎಷ್ಟು ಸಾಕು ಎಂಬುದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಆದ್ದರಿಂದಲೇ ಹೆಚ್ಚಾದದ್ದು ಕಣ್ಣಿಗೆ ಬಿತ್ತು. ಇಷ್ಟು ಸಾಕು ಎಂಬ ಅಳತೆ ಇಲ್ಲದವನಿಗೆ ಹೆಚ್ಚು ಬಂದರೂ ತಿಳಿಯುವುದಿಲ್ಲ, ಕಡಿಮೆ ಬಂದರೂ ತಿಳಿಯುವುದಿಲ್ಲ; ಅವನಿಗೆ ತಿಳಿಯುವುದು ಇನ್ನೂ ಬೇಕು ಎಂಬುದೊಂದೇ. ತೃಪ್ತನೆಂದರೆ ಅಳತೆ ಬಲ್ಲವನು. ಅಳತೆ ಬಲ್ಲವನಿಗೆ ತಕ್ಕಡಿ ವಾಲಿದ್ದು ಕಾಣದೆ ಇರುವುದಿಲ್ಲ, ಯಾವ ಕಡೆ ವಾಲಿದರೂ.

ಈ 'ಯಾವ ಕಡೆ ವಾಲಿದರೂ' ಎಂಬುದೇ ಇಲ್ಲಿಯ ತಿರುಳು. ವಿಜಯಪುರದಲ್ಲಿ ಬೇರುಬಿಟ್ಟ ಬೇರೆ ಧರ್ಮಗಳೂ ಇದನ್ನೇ ಹಿಡಿದಿವೆ. ಸಹಸ್ರಫಣಿ ಪಾರ್ಶ್ವನಾಥನ ಬಸದಿಗೆ ಬರುವ ಜೈನ ಶ್ರಾವಕನಿಗೆ ಅಚೌರ್ಯ ಅಣುವ್ರತವಿದೆ. ಆ ವ್ರತಕ್ಕೆ ಕುಂದು ತರುವ ಐದು ತಪ್ಪುಗಳನ್ನು ತತ್ತ್ವಾರ್ಥಸೂತ್ರ ಹೇಳುವಾಗ, ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲು ಕೊಳ್ಳುವುದು ಇವುಗಳ ಸಾಲಿನಲ್ಲೇ ಅಳತೆಯನ್ನು ಕಡಿಮೆ ಅಥವಾ ಹೆಚ್ಚು ಮಾಡುವುದನ್ನೂ, ಕಲಬೆರಕೆಯನ್ನೂ ಸೇರಿಸುತ್ತದೆ. ಮಾರುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಎಂದು ವ್ಯಾಖ್ಯಾನಕಾರರು ಬಿಡಿಸಿದ್ದಾರೆ. ಕುರಾನಿನ 83ನೆಯ ಅಧ್ಯಾಯ ಶುರುವಾಗುವುದೇ ಇಂಥವರ ಮೇಲಿನ ಎಚ್ಚರಿಕೆಯಿಂದ: ಜನರಿಂದ ತಾವು ಅಳೆಸಿಕೊಳ್ಳುವಾಗ ಪೂರ್ತಿ ಬೇಕು, ಜನರಿಗೆ ಅಳೆದುಕೊಡುವಾಗ ಕಡಿಮೆ ಸಾಕು ಎನ್ನುವವರು. ಮದ್ಯನ್ ಜನರ ನಡುವೆ ಬಂದ ಪ್ರವಾದಿ ಶುಐಬ್ ಏಕದೇವನ ಆರಾಧನೆಯ ಜೊತೆಗೇ ಅಳತೆ ತೂಕ ತುಂಬಿ ಕೊಡಿ ಎಂದು ಹೇಳಿದ್ದನ್ನು ಅದೇ ಗ್ರಂಥ ನೆನಪಿಸುತ್ತದೆ. ತಕ್ಕಡಿಯ ಮಾತು ದೇವರ ಮಾತಿಗಿಂತ ಕೆಳಗಿನದು ಎಂದು ಆ ಪ್ರವಾದಿಗೆ ಅನಿಸಲಿಲ್ಲ. ಇಷ್ಟೂ ಕಡೆ ದೋಷವೆನಿಸಿದ್ದು ಎರಡು ಅಳತೆ ಇಟ್ಟುಕೊಳ್ಳುವುದು. ಹಾಗಾದರೆ ತಕರಾರು ಮಾಡುವವನಿಗೂ ಒಂದು ಪರೀಕ್ಷೆ ಸಿಕ್ಕಿತು. ಚಿಲ್ಲರೆ ಕಡಿಮೆ ಬಂದಾಗ ದನಿ ಎತ್ತುವವನು ಚಿಲ್ಲರೆ ಹೆಚ್ಚು ಬಂದಾಗ ಏನು ಮಾಡುತ್ತಾನೆ? ಬಿಲ್ಲಿನಲ್ಲಿ ಒಂದು ವಸ್ತು ಬಿಟ್ಟುಹೋಗಿದ್ದರೆ ತಿರುಗಿ ಬಂದು ಹೇಳುತ್ತಾನೆಯೆ? ಹೇಳುವವನಾದರೆ ಅವನ ತಕರಾರು ಧರ್ಮದ್ದು. ಹೇಳದವನಾದರೆ ಅವನದೂ ಅಂಗಡಿಕಾರನದೂ ಒಂದೇ ಕಸುಬು, ಕಟ್ಟೆಯ ಬದಿ ಮಾತ್ರ ಬೇರೆ.

ಎರಡೂ ಬದಿಯಲ್ಲಿ ನಿಲ್ಲುವುದೆಂದರೆ ಏನೆಂದು ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರನಿಗೆ ತಿಳಿದಷ್ಟು ಪಟ್ಟಣದ ನೌಕರದಾರನಿಗೆ ತಿಳಿದಿರಲಾರದು. ಅವನು ಬೆಳಿಗ್ಗೆ ಕೊಳ್ಳುವವ, ಸಂಜೆ ಮಾರುವವ. ಗೊಬ್ಬರ, ಔಷಧಿ, ಹನಿ ನೀರಾವರಿಯ ಪೈಪು ಕೊಳ್ಳುವಾಗ ಅವನು ಗಿರಾಕಿ. ಶೆಡ್ಡಿನ ನೆರಳಲ್ಲಿ ಒಣಗಿಸಿದ ದ್ರಾಕ್ಷಿಯನ್ನು ವಿಜಯಪುರದ ಮಾರುಕಟ್ಟೆಗೋ ಗಡಿಯಾಚೆಯ ತಾಸಗಾಂವ, ಸಾಂಗಲಿಗೋ ಒಯ್ದಾಗ ಅವನು ವ್ಯಾಪಾರಿ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಅಂದಮೇಲೆ ಚೀಲಕ್ಕೆ ಇಷ್ಟು ಎಂದು ತೂಕದಲ್ಲಿ ಮುರಿದುಕೊಂಡ ಪ್ರತಿ ಕಿಲೋದ ಹಿಂದೆ ನಾಲ್ಕು ಕಿಲೋ ಹಣ್ಣಿನ ನೀರು, ಔಷಧಿ, ಕೂಲಿ ಇದೆ. ಕರ್ನಾಟಕದ 1966ರ ಕೃಷಿ ಮಾರುಕಟ್ಟೆ ಕಾಯ್ದೆಯಡಿ ದಲಾಲಿಯನ್ನು ಕೊಳ್ಳುವವನಿಂದ ಪಡೆಯಬೇಕೇ ಹೊರತು ಮಾರುವ ರೈತನಿಂದಲ್ಲ. ಆದರೂ ನೂರೊಂದು ಹೆಸರಿನಲ್ಲಿ ದಲಾಲನ ಪಟ್ಟಿಯಲ್ಲಿ ಕಡಿತ ಬಿದ್ದರೆ ರೈತ 'ಮುಂದಿನ ಸಲವೂ ಇವನ ಹತ್ತಿರವೇ ಬರಬೇಕಲ್ಲ' ಎಂದು ಸುಮ್ಮನಾಗುತ್ತಾನೆ. ಇದನ್ನು ಯಾರೂ ತೃಪ್ತಿ ಎಂದು ಕರೆಯುವುದಿಲ್ಲ. ಇದು ಅಂಜಿಕೆ, ಮುಂಗಡ ಸಾಲದ ಅಂಜಿಕೆ. ಪಟ್ಟಣದ 'ಹೋಗ್ಲಿ ಬಿಡ್ರಿ'ಯಲ್ಲಿ ಅಂಜಿಕೆಯ ಪಾಲು ಇಷ್ಟು ನಿಚ್ಚಳವಾಗಿ ಕಾಣುವುದಿಲ್ಲ, ಆದರೆ ಇರುತ್ತದೆ. ನಾಲ್ಕು ಮಂದಿಯ ಎದುರು ಜಿಪುಣನೆನಿಸಿಕೊಳ್ಳುವ ಅಂಜಿಕೆ, ಸಾಹೇಬರಿಗೆ ಸಿಟ್ಟು ಬಂದೀತೆಂಬ ಅಂಜಿಕೆ. ರೈತ ದನಿ ಎತ್ತಿದಾಗ ಏನಾಗಬಹುದು ಎಂಬುದಕ್ಕೂ ಉದಾಹರಣೆ ಇದೆ. ಕಳಪೆ ಬೀಜದಿಂದ ಬೆಳೆ ಕೈಕೊಟ್ಟ ಆಂಧ್ರದ ರೈತರು ಗ್ರಾಹಕ ವೇದಿಕೆಗೆ ಹೋದರು. ರೈತ ಗ್ರಾಹಕನೇ ಅಲ್ಲ ಎಂದು ರಾಷ್ಟ್ರೀಯ ಬೀಜ ನಿಗಮ ವಾದಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಆ ಕೆಲವರ ತಕರಾರಿನ ಫಲ ಇವತ್ತು ಬೀಜ ಕೊಳ್ಳುವ ಪ್ರತಿಯೊಬ್ಬ ರೈತನಿಗೂ, ವಿಜಯಪುರ ಜಿಲ್ಲೆಯವನಿಗೂ, ಸಲ್ಲುತ್ತದೆ.

ಇನ್ನು ಆಕ್ಷೇಪಗಳು. ಮೊತ್ತ ಸಣ್ಣದು, ಅದಕ್ಕೆ ಮನಸ್ಸಿನ ಶಾಂತಿ ಕೆಡಿಸಿಕೊಳ್ಳಬೇಕೆ ಎಂಬುದು ಮೊದಲನೆಯದು. ಸಣ್ಣದು ನಿಜ, ನನ್ನ ಚೀಲದ ಮಟ್ಟಿಗೆ. ಕಿಲೋಕ್ಕೆ 50 ಗ್ರಾಂ ಕಡಿಮೆ ತೋರುವ ತಕ್ಕಡಿ ದಿನಕ್ಕೆ ಒಂದು ಕ್ವಿಂಟಲ್ ತೂಗಿದರೆ 5 ಕಿಲೋ ನುಂಗುತ್ತದೆ, ತಿಂಗಳಿಗೆ ಒಂದೂವರೆ ಕ್ವಿಂಟಲ್. ನನಗಾದ ನಷ್ಟದ ಗಾತ್ರವನ್ನು ನೋಡಿ ತಪ್ಪಿನ ಗಾತ್ರವನ್ನು ಅಳೆಯುವುದೇ ಇಲ್ಲಿಯ ಮೋಸ. ಅದಕ್ಕಿಂತ ಮುಖ್ಯವಾಗಿ, ನಷ್ಟ ಗಿರಾಕಿಗಷ್ಟೇ ಅಲ್ಲ. ಪಕ್ಕದಂಗಡಿಯಲ್ಲಿ ಸರಿಯಾಗಿ ತೂಗುವವನೊಬ್ಬ ಇದ್ದಾನೆ. ಅವನ ದರ ಕಿಲೋಕ್ಕೆ ಎರಡು ರೂಪಾಯಿ ಹೆಚ್ಚು ಕಾಣುತ್ತದೆ, ಏಕೆಂದರೆ ಅವನದು ಪೂರ್ತಿ ಕಿಲೋ. ಗಿರಾಕಿಗಳೆಲ್ಲ ಸಹನಶೀಲರಾದ ಪೇಟೆಯಲ್ಲಿ ಮೊದಲು ಬಾಗಿಲು ಹಾಕುವವನು ಅವನೇ. ಅವನ ಪ್ರಾಮಾಣಿಕತೆಗೆ ನಮ್ಮ ತಕರಾರಿನ ಹೊರತು ಬೇರೆ ಬೆಂಬಲವಿಲ್ಲ. ಎರಡನೆಯ ಆಕ್ಷೇಪ ಕರ್ಮದ್ದು: ಅವನ ಪಾಪ ಅವನಿಗೆ, ದೇವರು ನೋಡಿಕೊಳ್ಳುತ್ತಾನೆ. ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ಕರ್ಮಸಿದ್ಧಾಂತ ಹೇಳುವುದು ಮಾಡಿದ್ದರ ಫಲ ತಪ್ಪದು ಎಂದು. ಕಂಡವನು ಕೈಕಟ್ಟಿ ಕೂರಲಿ ಎಂದಲ್ಲ. ಕಂಡೂ ಸುಮ್ಮನಿದ್ದುದು ಕೂಡ ಒಂದು ಕರ್ಮವೇ ಆಗಿರುವುದರಿಂದ, ಆ ಲೆಕ್ಕದಲ್ಲಿ ನಮ್ಮ ಹೆಸರಿನ ಪುಟವೂ ಖಾಲಿ ಉಳಿಯುವುದಿಲ್ಲ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು, ಅದನ್ನು ಹಗುರಾಗಿ ದಾಟುವಂತಿಲ್ಲ. ತಕರಾರು ಮಾಡುವ ಹಕ್ಕು ಸಿಕ್ಕವರು ಅದನ್ನು ಬಳಸುವುದು ಯಾರ ಮೇಲೆ? ಶಾಸ್ತ್ರಿ ಮಾರುಕಟ್ಟೆಯ ಹೊರಗೆ ನೆಲದ ಮೇಲೆ ತಟ್ಟು ಹಾಸಿ ಮೆಂತ್ಯ, ಪುಂಡಿಪಲ್ಲೆ, ಬದನೆಕಾಯಿ ಇಟ್ಟುಕೊಂಡು ಕೂತ ಮುದುಕಿಯ ಮೇಲೆ. ಅವಳೊಂದಿಗೆ ಕಟ್ಟಿಗೆ ಎರಡು ರೂಪಾಯಿ ಇಳಿಸಲು ಕಾಲು ಗಂಟೆ ವಾದ ಮಾಡಿದವರು, ಗಾಜಿನ ಬಾಗಿಲ ಅಂಗಡಿಯಲ್ಲಿ ಬಿಲ್ಲನ್ನು ಓದುವುದೂ ಇಲ್ಲ. ಐದು ರೂಪಾಯಿಯ ಬಿಸ್ಕಿಟ್ ಪುಡಿಕೆ ಐದು ರೂಪಾಯಿಗೇ ನಿಂತು ಒಳಗಿನ ತೂಕ ವರ್ಷದಿಂದ ವರ್ಷಕ್ಕೆ ಕರಗುತ್ತ ಬಂದಿದ್ದನ್ನು ಯಾರೂ ತಕರಾರಿನ ವಿಷಯವೆಂದು ಎಣಿಸುವುದಿಲ್ಲ. ತೂಕವನ್ನು ಪುಡಿಕೆಯ ಮೇಲೆ ಅಚ್ಚು ಹಾಕಿರುವುದರಿಂದ ಕಾನೂನಿಗೂ ಅದು ತಪ್ಪಲ್ಲ. ಮುದುಕಿಗೆ ಅಚ್ಚು ಹಾಕುವ ಸೌಕರ್ಯವಿಲ್ಲ. ಅವಳು ಕಟ್ಟು ಸಣ್ಣದು ಮಾಡಿದರೆ ಅದು ಎಲ್ಲರ ಕಣ್ಣೆದುರು. ಅವಳಿಂದ ಕೊಸರು ಕೇಳಿ ಪಡೆಯುವುದು ನಮ್ಮಲ್ಲಿ ರೂಢಿಯಿಂದ ಬಂದದ್ದು, ಅವಳೂ ಒಂದು ಹಿಡಿ ಹೆಚ್ಚು ಹಾಕಿಯೇ ಕೊಡುತ್ತಾಳೆ. ಆದರೆ ಕೊಸರು ಅವಳ ದಯೆ, ನಮ್ಮ ಹಕ್ಕಲ್ಲ. ಅದನ್ನು ಜೋರು ಮಾಡಿ ವಸೂಲು ಮಾಡುವವರು ಲಕ್ಕಮ್ಮನ ಪರೀಕ್ಷೆಯಲ್ಲಿ ಅಲ್ಲೇ ಸೋತರು. ಹಾಗೆಯೇ ಕೌಂಟರಿನ ಹಿಂದೆ ನಿಂತ ಹುಡುಗನ ಮೇಲೆ ಕೂಗಾಡುವುದು. ದರ ಕಟ್ಟಿದವನು ಅವನಲ್ಲ, ಯಂತ್ರ ಕೆಟ್ಟದ್ದೂ ಅವನಿಂದಲ್ಲ. ಅವನ ಸಂಬಳ ನಮ್ಮ ಸಿಟ್ಟಿಗೆ ಕಡಿತವಾಗುವ ಸಂಬಳ. ತಕರಾರು ಹೆಚ್ಚಾಗಿ ದುರ್ಬಲನ ಮೇಲೇ ಬೀಳುತ್ತದೆ ಎಂಬ ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದರಿಂದ ತಕರಾರು ಬಿಡಬೇಕೆಂದು ಸಿದ್ಧವಾಗುವುದಿಲ್ಲ. ಅದನ್ನು ಸರಿಯಾದ ವಿಳಾಸಕ್ಕೆ ಒಯ್ಯಬೇಕೆಂದು ಸಿದ್ಧವಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಂಶಯ ಬಂದರೆ ಪಂಪಿನ ಹುಡುಗನನ್ನು ಕಳ್ಳ ಎನ್ನುವುದು ಸುಲಭ. ಅಲ್ಲಿಯೇ ಇರಿಸಿರಬೇಕಾದ, ಮುದ್ರೆಯಿರುವ 5 ಲೀಟರಿನ ಅಳತೆ ಪಾತ್ರೆಯನ್ನು ತರಿಸಿ ತುಂಬಿಸಿ ನೋಡುವುದು ಗಿರಾಕಿಯ ಹಕ್ಕು, ಅದಕ್ಕೆ ಯಾರನ್ನೂ ಬೈಯಬೇಕಾಗಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು. ಮುದ್ರೆ ಎಲ್ಲಿದೆ ಎಂದು ಕೇಳುವ ಒಂದು ಪ್ರಶ್ನೆ ಹತ್ತು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ಮಾತೂ ಕೇಳಿಬರುತ್ತದೆ: ಈ ಊರಿನಲ್ಲಿ ತಕರಾರಿಗೆ ಕೊರತೆ ಎಲ್ಲಿದೆ, ಚಾದಂಗಡಿಯ ಮುಂದೆ ನಿಂತರೆ ಮುಂಜಾನೆಯಿಂದ ಅದೇ ಅಲ್ಲವೆ? ರಸ್ತೆ, ಗಟಾರು, ಹಂದಿ, ಬೀದಿದೀಪ, ಹೆಸ್ಕಾಂ ಬಿಲ್ಲು, ನಳ. ಮಾತು ಹೌದು, ಆದರೆ ಅದು ಗೊಣಗಾಟ. ಗೊಣಗಾಟಕ್ಕೆ ವಿಳಾಸವಿಲ್ಲ, ಉತ್ತರ ಕೊಡಬೇಕಾದವನು ಅಲ್ಲಿಲ್ಲ, ಪರಿಹಾರ ಸಿಕ್ಕರೆ ಗೊಣಗುವವನಿಗೆ ನಿರಾಸೆಯೂ ಆದೀತು. ಧರ್ಮಗ್ರಂಥಗಳು ಹೀಗಳೆಯುವ ಅತೃಪ್ತಿ ಇದೇ ಎಂದು ನನಗೆ ತೋರುತ್ತದೆ, ಲಕ್ಕಮ್ಮ ಮಾಡಿದ್ದಲ್ಲ. ಎರಡರ ವ್ಯತ್ಯಾಸಕ್ಕೆ ಈ ಊರಿನಲ್ಲೇ ಒಂದು ಹೋಲಿಕೆಯಿದೆ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ, ಬೇಗಂ ತಲಾಬ್‌ನಿಂದ ಈ ನಗರಕ್ಕೆ ನೆಲದಡಿಯ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ಗಂಜ್ ಎಂದು ಕರೆಯುವ ನೀರಿನ ಗೋಪುರಗಳನ್ನು ಕಟ್ಟಿದ್ದರು. ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಹೂಳು ತಳಕ್ಕೆ ಇಳಿಯುತ್ತಿತ್ತು, ಇಲ್ಲದಿದ್ದರೆ ಕೊಳವೆ ಒಡೆಯುತ್ತಿತ್ತು. ಬರೆದು ಕೊಟ್ಟ ದೂರು ಆ ಗಂಜ್ ಇದ್ದಂತೆ, ಗೊಣಗಾಟ ಒಡೆದ ಕೊಳವೆಯ ಸೋರಿಕೆ. ಕಟ್ಟಿಸಿದವರು ಹೂಳು ಬಂದೇ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿದ್ದರು, ಅದು ಅವರ ಜಾಣತನ. ಈಗಿನ ನಗರ ಕೊಲ್ಹಾರದ ಕೃಷ್ಣಾ ನೀರಿನ ಮೇಲೆ ನಿಂತಿದೆ, ನೀರು ಕೊಡುವ ಕಚೇರಿಗಳಿಗೆ ನಾವು ಶುಲ್ಕ ಕಟ್ಟುತ್ತೇವೆ. ಶುಲ್ಕ ಪಡೆದು ಸೇವೆ ಕೊಡುವ ಸಾರ್ವಜನಿಕ ಸಂಸ್ಥೆಗಳೂ ಗ್ರಾಹಕ ಕಾಯ್ದೆಗೆ ಒಳಪಡುತ್ತವೆ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1993ರಲ್ಲಿ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ, ಸ್ಥಾಪಿಸಿತು. ಆ ತೀರ್ಪು ಇನ್ನೊಂದು ಮಾತನ್ನೂ ಹೇಳಿತು, ನಮ್ಮ ವಿಷಯಕ್ಕೆ ಅದೇ ಹೆಚ್ಚು ಹತ್ತಿರ. ಸಾಮಾನ್ಯ ಮನುಷ್ಯ ಕಚೇರಿಯ ದುರ್ನಡತೆಯ ವಿರುದ್ಧ ದೂರಿ ಹೋರಾಡುವ ಬದಲು ಅದಕ್ಕೆ ಮಣಿದುಬಿಡುತ್ತಾನೆ. ಆದ್ದರಿಂದ ಕಿರುಕುಳಕ್ಕೆ ಕೊಡಿಸುವ ಪರಿಹಾರ ಅವನೊಬ್ಬನಿಗಲ್ಲ, ಸಮಾಜದ ಒಂದು ರೋಗಕ್ಕೆ ಔಷಧಿ ಎಂಬುದು ಅದರ ತಾತ್ಪರ್ಯ. ನ್ಯಾಯಾಲಯವೇ ನಮ್ಮ ಸಹನೆಯನ್ನು ರೋಗದ ಲಕ್ಷಣಗಳಲ್ಲಿ ಸೇರಿಸಿತು.

ತಕರಾರಿನ ಧರ್ಮದಲ್ಲಿ ಅರ್ಧ ಭಾಗ ಕೇಳಿಸಿಕೊಳ್ಳುವವನದು. ನಮ್ಮ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಲೆಕ್ಕ ಕೇಳಿದರೆ ಅವಮಾನ ಮಾಡಿದಂತೆ ಮುಖ ಬದಲಾಗುತ್ತದೆ. 'ನಮ್ಮ ಮ್ಯಾಲೆ ನಂಬಿಕಿ ಇಲ್ಲೇನ್ರಿ?' ಈ ಪ್ರಶ್ನೆಗೆ ಬಸವನ ಬಾಗೇವಾಡಿಯಲ್ಲಿ ಹುಟ್ಟಿದವರ ಬದುಕಿನಲ್ಲೇ ಉತ್ತರವಿದೆ. ಬಸವಣ್ಣ ಬಿಜ್ಜಳನ ಭಂಡಾರಿ. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂಬ ದೂರು ಅರಸನಿಗೆ ಹೋಯಿತು, ಅರಸ ಭಂಡಾರ ಎಣಿಸಿದ, ಲೆಕ್ಕ ಸರಿಯಾಗಿತ್ತು ಎಂದು ಶರಣರ ಕಥನಗಳು ಹೇಳುತ್ತವೆ. ಪವಾಡದ ಭಾಗವನ್ನು ಬದಿಗಿಟ್ಟರೂ ಉಳಿಯುವುದು ಇಷ್ಟು: ಲೆಕ್ಕ ಕೇಳಿದಾಗ ಲೆಕ್ಕ ತೋರಿಸಲಾಯಿತು. ಭಕ್ತಿಯನ್ನು ಮುಂದಿಟ್ಟು ಲೆಕ್ಕ ತಪ್ಪಿಸಲಿಲ್ಲ. ಶರಣರ ನಡುವೆ ಸುಂಕದ ಬಂಕಣ್ಣ, ಗಾಣದ ಕನ್ನಪ್ಪ, ವೈದ್ಯ ಸಂಗಣ್ಣ, ಹೆಂಡದ ಮಾರಯ್ಯ ಇದ್ದರು. ಅಂದರೆ ಗಿರಾಕಿಯ ಎದುರು ದಿನವೂ ಕೂರುವವರು, ಅಳೆಯುವವರು, ದರ ಹೇಳುವವರು. ಇವರ ವಚನಗಳನ್ನು ತಾಳೆಗರಿಗಳಿಂದ ಎತ್ತಿ ಅಚ್ಚಿಗೆ ತಂದ ಫ. ಗು. ಹಳಕಟ್ಟಿ (1880–1964) ವಿಜಯಪುರದಲ್ಲೇ ವಕೀಲಿ ಮಾಡಿದವರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರಡಿಸಿದ ಕೈಯೇ ಅದಕ್ಕೂ ಮೊದಲು, 1912ರಲ್ಲಿ, ಈ ಊರಿನಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿತ್ತು. ಅನುಭಾವ ಒಂದು ಕೋಣೆಯಲ್ಲಿ, ಖಾತೆಪುಸ್ತಕ ಇನ್ನೊಂದರಲ್ಲಿ ಎಂದು ಅವರಿಗೆ ಅನಿಸಿರಲಿಲ್ಲ. ಹೀಗಿರುವಾಗ ತೂಕದ ಪ್ರಶ್ನೆ ಎತ್ತಿದವನನ್ನು ಲೌಕಿಕ ಎಂದು ಬದಿಗೆ ಸರಿಸುವ ಅಧಿಕಾರ ಈ ಸೀಮೆಯ ಯಾವ ಪರಂಪರೆಯಿಂದಲೂ ಬರುವುದಿಲ್ಲ.

ತಕರಾರನ್ನು ಬದುಕಿನ ಕಸುಬು ಮಾಡಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಮೊದಲ ಸಲ ತಪ್ಪಿದವನಿಗೆ ಮೆಲ್ಲಗೆ ಹೇಳಿದರೆ ಬಹುಪಾಲು ಮಂದಿ ತಿದ್ದಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ನನ್ನದೇ ಆದ ನಷ್ಟವನ್ನು, ನನ್ನ ಮನೆಯವರಿಗೂ ಮುಂದಿನ ಗಿರಾಕಿಗೂ ಹೊರೆಯಾಗದಿದ್ದರೆ, ಬಿಟ್ಟುಬಿಡಲು ನನಗೆ ಪೂರ್ತಿ ಸ್ವಾತಂತ್ರ್ಯವಿದೆ, ಆಗ ಅದು ನಿಜವಾದ ಬಿಡುವಿಕೆ. ಆದರೆ ಅಂಥ ಸಂದರ್ಭ ಪೇಟೆಯಲ್ಲಿ ವಿರಳ. ಉಳಿದಲ್ಲೆಲ್ಲ ಸುಮ್ಮನಿರುವುದಕ್ಕೆ ಆಲಸ್ಯ ಎನ್ನಿ, ಅಂಜಿಕೆ ಎನ್ನಿ, ತೃಪ್ತಿ ಎಂಬ ಹೆಸರು ಮಾತ್ರ ಕೊಡಬೇಡಿ. ಆಲಸ್ಯಕ್ಕೆ ಕೊಡುವ ನೆಪಗಳೂ ಈಗ ಕಡಿಮೆಯಾಗಿವೆ. ತಿಕೋಟಾ, ಬಬಲೇಶ್ವರ ತಾಲೂಕುಗಳಾದ ಮೇಲೆ ತಹಶೀಲ್ದಾರರ ಕಚೇರಿ ಹತ್ತಿರ ಬಂತು. ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ ವಿಜಯಪುರದಲ್ಲೇ ಇದ್ದರೂ ದೂರನ್ನು ಆನ್‌ಲೈನ್‌ನಲ್ಲಿ ಕೊಡಬಹುದು. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರಿದ ಕಂಪನಿ ಮುಂಬಯಿಯದಾದರೂ ದಿಲ್ಲಿಯದಾದರೂ, ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ವಸ್ತುವಿಗೆ ಅಥವಾ ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಅಲ್ಲಿಗೆ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರೆ ಎಷ್ಟೋ ತಕರಾರು ಅಲ್ಲಿಯೇ ಬಗೆಹರಿಯುತ್ತವೆ. ದೂರು ಕೊಡಲು ಎರಡು ವರ್ಷದ ಅವಧಿಯಿದೆ. ಕೊಂಡಾಗ ರಸೀದಿ ಕೇಳಿ ಪಡೆದು, ಅಷ್ಟು ದಿನ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.